ವಿದ್ಯೆಯ ಬಾಗಿಲಲ್ಲಿ ಜಾರ್ಜ್ ಕಾರ್ವರ್



ಪ್ರತಿವರ್ಷವೂ ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ಮೇಲೆ ನಮ್ಮ ಶಾಲೆಯ ಕಟ್ಟೆಯ ಮೇಲೆ ಒಂದು ದೃಶ್ಯವನ್ನು ನಾನು ಕಾಣುತ್ತೇನೆ. ಪಾಸಾದ ಹುಡುಗ ಹುಡುಗಿಯರು ಗುಣಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬರುತ್ತಾರೆ. ಮುಖದಲ್ಲಿ ಸಂತೋಷವಿರುತ್ತದೆ, ಅದರ ಹಿಂದೆಯೇ ಒಂದು ಅಂಜಿಕೆಯೂ ಇರುತ್ತದೆ. ಮರಾಠಿ ನಾಡಿನಲ್ಲಿದ್ದುಕೊಂಡು ಕನ್ನಡದಲ್ಲಿ ಕಲಿತವರು ನಾವು. ಮುಂದೆ ದೊಡ್ಡ ಊರಿನ ಕಾಲೇಜಿನಲ್ಲಿ, ವಿಶ್ವವಿದ್ಯಾಲಯದಲ್ಲಿ ನಮ್ಮನ್ನು ಯಾರು ವಿಚಾರಿಸುತ್ತಾರೆ, ಇಂಗ್ಲಿಷ್ ಬಾರದಿದ್ದರೆ ನಗುವುದಿಲ್ಲವೇ ಎಂಬ ಅಂಜಿಕೆ ಅದು. ಕೆಲವರು ಆ ಅಂಜಿಕೆಯಿಂದಲೇ ಅರ್ಜಿ ತರುವ ಗೋಜಿಗೂ ಹೋಗದೆ ಹೊಲದ ಕೆಲಸಕ್ಕೋ ಅಂಗಡಿಯ ಕೆಲಸಕ್ಕೋ ಹೊರಟುಬಿಡುತ್ತಾರೆ. ನಾನೂ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಒಮ್ಮೆ ಕನ್ನಡ ಒಮ್ಮೆ ಮರಾಠಿ ಎಂದು ಎರಡು ದೋಣಿಗಳಲ್ಲಿ ಕಾಲಿಟ್ಟು ಕಲಿತವನೇ. ಆದ್ದರಿಂದ ಈ ಅಂಜಿಕೆ ಎಂಥದೆಂದು ನನಗೆ ಚೆನ್ನಾಗಿ ಗೊತ್ತು.

ಅಂಥ ಹುಡುಗರಿಗೆ ನಾನು ಹೇಳುವ ಕತೆ ಜಾರ್ಜ್ ವಾಶಿಂಗ್ಟನ್ ಕಾರ್ವರ್ ಅವರದು. ನಿಮ್ಮಲ್ಲಿ ಹಲವರು ಈ ಹೆಸರನ್ನು ಕೇಳಿರಬಹುದು. ಮರಾಠಿಯಲ್ಲಿ ವೀಣಾ ಗವಾಣಕರ ಅವರು 1981ರಲ್ಲಿ ಬರೆದ ಅವರ ಚರಿತ್ರೆ ನಮ್ಮ ಸುತ್ತಲಿನ ಮರಾಠಿ ಮನೆಗಳಲ್ಲಿ ಬಲು ಪ್ರಸಿದ್ಧವಾದುದು. ಶೇಂಗಾ ಬೆಳೆಯಿಂದ ನೂರಾರು ವಸ್ತುಗಳನ್ನು ಮಾಡಿ ತೋರಿಸಿದ ವಿಜ್ಞಾನಿ ಎಂದು ಎಲ್ಲರೂ ಅವರನ್ನು ಬಲ್ಲರು. ಆದರೆ ಶೇಂಗಾದ ಮಾತು ಅವರ ಬಾಳಿನ ಉತ್ತರಾರ್ಧಕ್ಕೆ ಸೇರಿದ್ದು. ಅದಕ್ಕೂ ಮೊದಲು ಒಂದು ಕಾಲೇಜಿನ ಒಳಗೆ ಕಾಲಿಡುವುದಕ್ಕಾಗಿಯೇ ಆ ಮನುಷ್ಯ ಎಷ್ಟು ವರ್ಷ ಅಲೆದಾಡಬೇಕಾಯಿತು, ಕೊನೆಗೆ ಬಾಗಿಲು ಹೇಗೆ ತೆರೆಯಿತು ಎಂಬುದನ್ನೇ ಇಲ್ಲಿ ಮುಖ್ಯವಾಗಿ ಹೇಳಬಯಸುತ್ತೇನೆ.

ಕಾರ್ವರ್ ಹುಟ್ಟಿದ್ದು ಅಮೆರಿಕೆಯ ಮಿಸೌರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಬಳಿಯ ಒಂದು ಹೊಲಮನೆಯಲ್ಲಿ, ಸುಮಾರು 1864ರಲ್ಲಿ. ಸುಮಾರು ಎಂದು ಏಕೆ ಹೇಳಬೇಕು? ಏಕೆಂದರೆ ಅವನ ತಾಯಿ ಮೇರಿ ಒಬ್ಬ ಗುಲಾಮಳು. ಗುಲಾಮರ ಮಕ್ಕಳ ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತ ಅವಳನ್ನು 1855ರಲ್ಲಿ 700 ಡಾಲರ್ ಕೊಟ್ಟು ಕೊಂಡಿದ್ದ. ಆಗ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕೆಯ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆದಿತ್ತು. ಆ ಗೊಂದಲದಲ್ಲಿ ದರೋಡೆಕೋರರ ಗುಂಪೊಂದು ಬಂದು ಮೇರಿಯನ್ನೂ ಅವಳ ಎಳೆಯ ಕೂಸು ಜಾರ್ಜನನ್ನೂ ಹೊತ್ತುಕೊಂಡು ಹೋಯಿತು. ಹುಡುಕಲು ಹೋದವನಿಗೆ ಸಿಕ್ಕಿದ್ದು ಕೂಸು ಮಾತ್ರ. ತಾಯಿ ಮರಳಿ ಬರಲೇ ಇಲ್ಲ. ಕೂಸನ್ನು ತಂದುಕೊಟ್ಟವನಿಗೆ ಮೋಸೆಸ್ ಒಂದು ಕುದುರೆಯನ್ನು ಇನಾಮಾಗಿ ಕೊಟ್ಟನಂತೆ. ತಂದೆಯಂತೂ ಮೊದಲೇ ತೀರಿಕೊಂಡಿದ್ದ.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಅನಾಥರಾದ ಜಾರ್ಜ್ ಮತ್ತು ಅವನ ಅಣ್ಣ ಜಿಮ್ ಇಬ್ಬರನ್ನೂ ಮೋಸೆಸ್ ಮತ್ತು ಅವನ ಹೆಂಡತಿ ಸೂಸನ್ ಮನೆಯಲ್ಲೇ ಇಟ್ಟುಕೊಂಡು ಸಾಕಿದರು. ಜಾರ್ಜನಿಗೆ ಎಳೆತನದಲ್ಲಿ ನಾಯಿಕೆಮ್ಮು ಬಂದು ಮೈ ಬಲಿಯಲೇ ಇಲ್ಲ. ಹೊಲದ ಕೆಲಸಕ್ಕೆ ಆಗದ ಹುಡುಗನಿಗೆ ಸೂಸನ್ ಅಡಿಗೆ, ಹೊಲಿಗೆ, ಬಟ್ಟೆ ಒಗೆಯುವ ಕೆಲಸ ಕಲಿಸಿದಳು. ಈ ಮೂರು ಕೆಲಸಗಳೇ ಮುಂದೆ ಅವನ ಓದಿಗೆ ಹಣ ಒದಗಿಸಿದವು! ಬಿಡುವು ಸಿಕ್ಕಾಗ ಅವನು ಕಾಡಿನಲ್ಲಿ ಅಲೆದು ಗಿಡಗಳನ್ನು ಕಿತ್ತು ತಂದು ತನ್ನದೇ ಒಂದು ಗುಪ್ತ ತೋಟ ಮಾಡಿಕೊಂಡಿದ್ದ. ಬಾಡಿದ ಗಿಡವನ್ನು ಮತ್ತೆ ಚಿಗುರಿಸುವ ಅವನ ಕೈಗುಣ ಕಂಡು ನೆರೆಯವರು ಅವನನ್ನು ಗಿಡಗಳ ವೈದ್ಯನೆಂದೇ ಕರೆಯತೊಡಗಿದರು.

ಆದರೆ ಓದಬೇಕೆಂದರೆ ಎಲ್ಲಿ? ಹತ್ತಿರವೇ ಶಾಲೆಯಿತ್ತು. ಅದು ಬಿಳಿಯರ ಮಕ್ಕಳಿಗೆ ಮಾತ್ರ. ಮಿಸೌರಿಯಲ್ಲಿ ಎರಡು ಜನಾಂಗದ ಮಕ್ಕಳು ಒಂದೇ ಶಾಲೆಯಲ್ಲಿ ಕೂಡುವಂತಿರಲಿಲ್ಲ. ಕಪ್ಪು ಮಕ್ಕಳ ಶಾಲೆ ಇದ್ದದ್ದು ಹಲವು ಮೈಲಿ ದೂರದ ನಿಯೋಶೋ ಎಂಬ ಊರಲ್ಲಿ. ಹತ್ತು ಹನ್ನೆರಡು ವರ್ಷದ ಜಾರ್ಜ್ ಒಬ್ಬನೇ ಅಲ್ಲಿಗೆ ನಡೆದು ಹೋದ. ಮಲಗಲು ಸಿಕ್ಕಿದ್ದು ಒಂದು ಕೊಟ್ಟಿಗೆ. ಮರುದಿನ ಆ ಮನೆಯ ಒಡತಿ ಮರಾಯಾ ವಾಟ್ಕಿನ್ಸ್ ಅವನನ್ನು ಕಂಡಳು. ಅವಳೂ ಕಪ್ಪುಜನಾಂಗದವಳು, ಸೂಲಗಿತ್ತಿ, ಗಿಡಮೂಲಿಕೆಗಳನ್ನು ಬಲ್ಲವಳು, ಬಟ್ಟೆ ಒಗೆದು ಬದುಕುವವಳು. ಹೆಸರು ಕೇಳಿದಾಗ ಹುಡುಗ ತಾನು ಕಾರ್ವರನ ಜಾರ್ಜ್ ಎಂದ. ಗುಲಾಮರು ಒಡೆಯನ ಹೆಸರಿನಿಂದಲೇ ಗುರುತಾಗುತ್ತಿದ್ದರಲ್ಲವೇ? ಇನ್ನು ಮೇಲೆ ನಿನ್ನ ಹೆಸರು ಜಾರ್ಜ್ ಕಾರ್ವರ್ ಎಂದು ಅವಳು ತಿದ್ದಿದಳು. ಕಲಿಯುವಷ್ಟನ್ನೂ ಕಲಿತು, ಕಲಿತದ್ದನ್ನು ನಮ್ಮ ಜನಕ್ಕೆ ಮರಳಿ ಕೊಡಬೇಕು ಎಂದು ಆ ತಾಯಿ ಹೇಳಿದ ಮಾತನ್ನು ಅವನು ಜೀವವಿರುವತನಕ ಮರೆಯಲಿಲ್ಲ.

ನಿಯೋಶೋದ ಶಾಲೆಯಲ್ಲಿ ಕಲಿಯುವುದು ಬೇಗನೆ ಮುಗಿಯಿತು. ಮುಂದಿನ ಹತ್ತು ವರ್ಷ ಅವನದು ಊರಿಂದೂರಿಗೆ ಅಲೆದಾಟ. ನೆರೆಯ ಕ್ಯಾನ್ಸಸ್ ರಾಜ್ಯದ ಫೋರ್ಟ್ ಸ್ಕಾಟ್ ಎಂಬ ಊರಲ್ಲಿ ಒಂದು ಮನೆಯಲ್ಲಿ ಅಡಿಗೆ ಮಾಡಿಕೊಂಡು ಶಾಲೆಗೆ ಹೋಗುತ್ತಿದ್ದ. 1879ರಲ್ಲಿ ಒಂದು ರಾತ್ರಿ ಬಿಳಿಯರ ಗುಂಪು ಒಬ್ಬ ಕಪ್ಪು ಮನುಷ್ಯನನ್ನು ಸೆರೆಮನೆಯಿಂದ ಎಳೆದು ತಂದು ಕೊಂದು ಸುಟ್ಟದ್ದನ್ನು ಅವನು ಕಣ್ಣಾರೆ ಕಂಡ. ಆ ಊರನ್ನು ಕೂಡಲೇ ಬಿಟ್ಟ. ಆ ಭಯಾನಕ ನೋಟ ಮುಪ್ಪಿನವರೆಗೂ ಅವನನ್ನು ಬಿಡಲಿಲ್ಲ. ಕೊನೆಗೆ ಕ್ಯಾನ್ಸಸ್ಸಿನ ಮಿನಿಯಾಪೊಲಿಸ್ ಎಂಬ ಸಣ್ಣ ಊರಲ್ಲಿ ನೆಲೆನಿಂತು, ಬಟ್ಟೆ ಒಗೆಯುವ ಅಂಗಡಿ ಇಟ್ಟುಕೊಂಡು, ಹೈಸ್ಕೂಲು ಮುಗಿಸಿದ. ಆ ಊರಲ್ಲಿ ಇನ್ನೊಬ್ಬ ಜಾರ್ಜ್ ಕಾರ್ವರ್ ಇದ್ದು ಟಪಾಲು ಅದಲುಬದಲಾಗುತ್ತಿದ್ದುದರಿಂದ ತನ್ನ ಹೆಸರಿನ ನಡುವೆ ಒಂದು ಅಕ್ಷರ ಸೇರಿಸಿಕೊಂಡ. ಅದೇ ಮುಂದೆ ವಾಶಿಂಗ್ಟನ್ ಆಯಿತು.

ಈಗ ಕಾಲೇಜು. 1885ರ ಸುಮಾರಿಗೆ ಅವನು ಕ್ಯಾನ್ಸಸ್ಸಿನ ಹೈಲ್ಯಾಂಡ್ ಎಂಬ ಊರಿನ ಒಂದು ಖಾಸಗಿ ಕಾಲೇಜಿಗೆ ಟಪಾಲಿನಲ್ಲಿ ಅರ್ಜಿ ಕಳಿಸಿದ. ಅವನ ಗುಣಗಳನ್ನು ನೋಡಿ ಅವರು ಪ್ರವೇಶ ಕೊಟ್ಟಿರುವುದಾಗಿ ಉತ್ತರ ಬರೆದರು. ಹುಡುಗನ ಹಿಗ್ಗಿಗೆ ಪಾರವೇ ಇಲ್ಲ! ಕೈಯಲ್ಲಿದ್ದುದನ್ನೆಲ್ಲ ಖರ್ಚು ಮಾಡಿ ಹೈಲ್ಯಾಂಡಿಗೆ ಹೋಗಿ ಕಾಲೇಜಿನ ಮುಖ್ಯಸ್ಥರ ಎದುರು ನಿಂತ. ಅವರು ಕಾಗದವನ್ನು ನೋಡಲಿಲ್ಲ, ಮುಖವನ್ನು ನೋಡಿದರು. ಕಪ್ಪುಜನಾಂಗದವರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಟಪಾಲಿನಲ್ಲಿ ಯೋಗ್ಯನಾಗಿದ್ದವನು ಎದುರಿಗೆ ಬಂದಾಗ ಅಯೋಗ್ಯನಾದ. ಅಂಕಗಳು ಅವೇ, ಅರ್ಜಿಯೂ ಅದೇ. ಬದಲಾಗಿದ್ದಾದರೂ ಏನು?

ಈ ಪೆಟ್ಟಿನಿಂದ ಜಾರ್ಜ್ ಚೇತರಿಸಿಕೊಳ್ಳಲು ಐದು ವರ್ಷ ಹಿಡಿಯಿತು. ಅವನು 1886ರಲ್ಲಿ ಕ್ಯಾನ್ಸಸ್ಸಿನ ಪಶ್ಚಿಮ ಭಾಗಕ್ಕೆ ಹೋಗಿ ಸರಕಾರ ಕೊಡುತ್ತಿದ್ದ ಬಯಲು ಭೂಮಿಯನ್ನು ಪಡೆದ. ಹುಲ್ಲಿನ ಬೇರುಸಮೇತ ಕಡಿದ ಮಣ್ಣಿನ ಹೆಂಟೆಗಳಿಂದ ಗೋಡೆ ಎಬ್ಬಿಸಿ ಮನೆ ಮಾಡಿಕೊಂಡ. 17 ಎಕರೆ ನೆಲವನ್ನು ಕೈಯಿಂದಲೇ ಹದಮಾಡಿ ಬೆಳೆ ಇಟ್ಟ. ಮಳೆ ಕಡಿಮೆಯ, ಗಾಳಿ ಹೆಚ್ಚಿನ ಸೀಮೆ ಅದು. ನಮ್ಮ ಬರಗಾಲದ ಸೀಮೆಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕಿನಲ್ಲಿ 300 ಡಾಲರ್ ಸಾಲ ತೆಗೆದ. ಕೊನೆಗೆ ಅಲ್ಲಿಂದಲೂ ಹೊರಟ. ಆದರೆ ಒಣಭೂಮಿಯ ರೈತನ ಕಷ್ಟ ಎಂಥದೆಂಬುದನ್ನು ಅವನು ಪುಸ್ತಕದಿಂದಲ್ಲ, ತನ್ನ ಬೆನ್ನಿನಿಂದಲೇ ಕಲಿತುಕೊಂಡಿದ್ದ.

ಮುಂದೆ ಅವನು ಸೇರಿದ್ದು ಉತ್ತರದ ಅಯೋವಾ ರಾಜ್ಯದ ವಿಂಟರ್‌ಸೆಟ್ ಎಂಬ ಊರನ್ನು. ಅಲ್ಲಿ ಮಿಲ್‌ಹಾಲೆಂಡ್ ಎಂಬ ಬಿಳಿಯ ವೈದ್ಯ ದಂಪತಿಗಳ ಪರಿಚಯವಾಯಿತು. ಅವರು ಈ ತರುಣನ ಹಾಡನ್ನೂ ಚಿತ್ರಗಳನ್ನೂ ಮೆಚ್ಚಿ, ಇನ್ನೊಮ್ಮೆ ಕಾಲೇಜಿಗೆ ಅರ್ಜಿ ಹಾಕೆಂದು ಒತ್ತಾಯಿಸಿದರು. ಒಮ್ಮೆ ಅವಮಾನಪಟ್ಟವನು ಮತ್ತೆ ಅದೇ ಬಾಗಿಲ ಮುಂದೆ ನಿಲ್ಲುವುದು ಸುಲಭವಲ್ಲ. ಆದರೂ ಜಾರ್ಜ್ ಅರ್ಜಿ ಹಾಕಿದ. 1890ರಲ್ಲಿ ಇಂಡಿಯನೋಲಾ ಎಂಬ ಊರಿನ ಸಿಂಪ್ಸನ್ ಕಾಲೇಜು ಅವನನ್ನು ಸೇರಿಸಿಕೊಂಡಿತು. ಆಗ ಅವನಿಗೆ ವಯಸ್ಸು ಸುಮಾರು ಇಪ್ಪತ್ತಾರು! ಫೀ ತುಂಬಿದ ಮೇಲೆ ಕೈಯಲ್ಲಿ ಉಳಿದದ್ದು ಸುಮಾರು 10 ಸೆಂಟು ಎಂದು ಮುಂದೆ ಅವನೇ ಬರೆದಿದ್ದಾನೆ. 5 ಸೆಂಟಿನ ಗೋವಿನಜೋಳದ ಹಿಟ್ಟು, 5 ಸೆಂಟಿನ ಕೊಬ್ಬು ತಂದು ಒಂದು ವಾರ ಕಳೆದನಂತೆ. ಬಳಿಕ ಸಹಪಾಠಿಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿ ಹೊಟ್ಟೆ ಹೊರೆದುಕೊಂಡ.

ಸಿಂಪ್ಸನ್ನಿನಲ್ಲಿ ಅವನು ಕಲಿತದ್ದು ಚಿತ್ರಕಲೆ ಮತ್ತು ಸಂಗೀತ. ಚಿತ್ರಕಲಾವಿದನಾಗಬೇಕೆಂಬುದು ಅವನ ಹಿರಿಯ ಆಸೆ. ಅವನ ಚಿತ್ರಗಳಲ್ಲಿ ಗಿಡಗಳೇ ಹೆಚ್ಚು. ಒಂದೊಂದು ಎಲೆಯ ನರವೂ ಸರಿಯಾಗಿ ಮೂಡಿರುತ್ತಿತ್ತು. ಅವನ ಗುರು ಎಟಾ ಬಡ್ ಎಂಬಾಕೆ ಇದನ್ನು ಗಮನಿಸಿದಳು. ಕಪ್ಪು ತರುಣನೊಬ್ಬ ಚಿತ್ರ ಬರೆದು ಆ ಕಾಲದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಕಷ್ಟವೆಂಬುದೂ ಅವಳಿಗೆ ಗೊತ್ತಿತ್ತು. ಅವಳ ತಂದೆ ಏಮ್ಸ್ ಎಂಬಲ್ಲಿಯ ಅಯೋವಾ ರಾಜ್ಯದ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರು. ಅಲ್ಲಿಗೆ ಹೋಗಿ ಸಸ್ಯಶಾಸ್ತ್ರ ಕಲಿ ಎಂದು ಅವಳು ಸೂಚಿಸಿದಳು. ಜಾರ್ಜ್ ಬಹಳ ಯೋಚಿಸಿದ. ಚಿತ್ರ ತನ್ನ ಸಂತೋಷಕ್ಕೆ, ಕೃಷಿ ತನ್ನ ಜನದ ಬದುಕಿಗೆ ಎಂದು ನಿರ್ಧರಿಸಿ, ಬಣ್ಣದ ಪೆಟ್ಟಿಗೆಯನ್ನು ಬದಿಗಿಟ್ಟು 1891ರಲ್ಲಿ ಏಮ್ಸಿಗೆ ಹೊರಟ.

ಇಲ್ಲಿ ಸ್ವಲ್ಪ ನಿಂತು ಈ ಕಾಲೇಜು ಎಂಥದೆಂದು ತಿಳಿಯೋಣ. 1862ರಲ್ಲಿ ಅಧ್ಯಕ್ಷ ಲಿಂಕನ್ ಒಂದು ಕಾಯಿದೆಗೆ ಸಹಿ ಹಾಕಿದರು. ಮೊರಿಲ್ ಕಾಯಿದೆ ಎಂದು ಅದರ ಹೆಸರು. ಪ್ರತಿಯೊಂದು ರಾಜ್ಯಕ್ಕೂ ಕಾಂಗ್ರೆಸ್ಸಿನಲ್ಲಿ ಅದಕ್ಕಿದ್ದ ಒಬ್ಬೊಬ್ಬ ಸದಸ್ಯನಿಗೆ 30,000 ಎಕರೆಯಂತೆ ಸರಕಾರಿ ಭೂಮಿಯನ್ನು ಕೊಡುವುದು, ಅದನ್ನು ಮಾರಿ ಬಂದ ಹಣದಿಂದ ಕೃಷಿಯನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜುಗಳನ್ನು ನಡೆಸುವುದು ಆ ಕಾಯಿದೆಯ ತಿರುಳು. ಅದುವರೆಗೆ ಕಾಲೇಜೆಂದರೆ ಬಹುಮಟ್ಟಿಗೆ ಸಿರಿವಂತರ, ಪಾದ್ರಿಗಳ, ವಕೀಲರ ಮಕ್ಕಳ ಸೊತ್ತು. ಈ ಕಾಯಿದೆಯಿಂದ ರೈತನ ಮತ್ತು ಕಮ್ಮಾರನ ಮಗನೂ ಪದವಿ ಪಡೆಯುವ ದಾರಿ ತೆರೆಯಿತು. ಆ ಭೂಮಿಯೆಲ್ಲ ಅಲ್ಲಿಯ ಮೂಲನಿವಾಸಿಗಳಿಂದ ಕಸಿದುಕೊಂಡದ್ದು ಎಂಬುದನ್ನೂ ನಾವು ಮರೆಯಬಾರದು. ಈ ಕಾಯಿದೆಯನ್ನು ಎಲ್ಲಕ್ಕಿಂತ ಮೊದಲು ಒಪ್ಪಿಕೊಂಡ ರಾಜ್ಯ ಅಯೋವಾ. ಇನ್ನೂ ಒಂದು ಮಾತು: 1868ರಲ್ಲೇ ಅಯೋವಾದ ಸರ್ವೋಚ್ಚ ನ್ಯಾಯಾಲಯವು ಬಣ್ಣದ ಕಾರಣದಿಂದ ಯಾವ ಮಗುವನ್ನೂ ಸಾರ್ವಜನಿಕ ಶಾಲೆಯಿಂದ ಹೊರಗಿಡುವಂತಿಲ್ಲವೆಂದು ತೀರ್ಪು ಕೊಟ್ಟಿತ್ತು. ತನ್ನ ಮಗಳಿಗೆ ಪ್ರವೇಶ ನಿರಾಕರಿಸಿದಾಗ ಅಲೆಕ್ಸಾಂಡರ್ ಕ್ಲಾರ್ಕ್ ಎಂಬ ಕಪ್ಪು ತಂದೆಯೊಬ್ಬ ಹೂಡಿದ ದಾವೆ ಅದು. ಮಿಸೌರಿ ಮತ್ತು ಅಯೋವಾ ನೆರೆಹೊರೆಯ ರಾಜ್ಯಗಳು. ಆದರೆ ಒಂದರಲ್ಲಿ ಕಾಯಿದೆಯೇ ಬಾಗಿಲು ಮುಚ್ಚಿತ್ತು, ಇನ್ನೊಂದರಲ್ಲಿ ಕಾಯಿದೆಯೇ ತೆರೆದಿತ್ತು. ಗಡಿಯಲ್ಲಿ ಬದುಕುವ ನಮಗೆ ಈ ಮಾತಿನ ಅರ್ಥ ಬೇಗನೆ ಆಗುತ್ತದೆ.

ಆದರೆ ಕಾಯಿದೆ ಬಾಗಿಲು ತೆರೆದ ಮಾತ್ರಕ್ಕೆ ಒಳಗಿನವರ ಮನಸ್ಸು ತೆರೆದೀತೇ? ಏಮ್ಸಿನ ಕಾಲೇಜಿಗೆ ಜಾರ್ಜ್ ಮೊತ್ತಮೊದಲನೆಯ ಕಪ್ಪು ವಿದ್ಯಾರ್ಥಿ. ಹೋದ ದಿನವೇ ಕೆಲವರು ಅವನನ್ನು ಹೀಯಾಳಿಸಿ ಕೂಗಿದರು. ವಸತಿಗೃಹದಲ್ಲಿ ಅವನಿಗೆ ಕೋಣೆ ಇರಲಿಲ್ಲ. ಊಟದ ಮನೆಯಲ್ಲಿ ಎಲ್ಲ ವಿದ್ಯಾರ್ಥಿಗಳ ಜೊತೆ ಕೂಡಲು ಬಿಡದೆ ನೆಲಮನೆಯಲ್ಲಿ ಹೊಲದ ಆಳುಗಳ ಪಂಕ್ತಿಗೆ ಕಳಿಸಿದರು. ಈ ಸುದ್ದಿ ಇಂಡಿಯನೋಲಾದಲ್ಲಿದ್ದ ಅವನ ಹಿತೈಷಿ ಲಿಸ್ಟನ್ ಎಂಬ ಬಿಳಿಯ ಗೃಹಿಣಿಗೆ ತಿಳಿಯಿತು. ಆಕೆ ತನ್ನ ಒಳ್ಳೆಯ ಉಡುಪು ಧರಿಸಿ ರೈಲು ಹತ್ತಿ ಏಮ್ಸಿಗೆ ಬಂದಳು. ಇಡೀ ದಿನ ಜಾರ್ಜನ ಜೊತೆ ಕಾಲೇಜಿನ ಅಂಗಳದಲ್ಲೆಲ್ಲ ಓಡಾಡಿದಳು. ಊಟದ ಹೊತ್ತಿಗೆ ಅವನ ಜೊತೆಯಲ್ಲೇ ಆಳುಗಳ ಪಂಕ್ತಿಯಲ್ಲಿ ಕೂತು ಉಂಡಳು. ಯಾರ ಜೊತೆಗೂ ಜಗಳವಾಡಲಿಲ್ಲ, ಭಾಷಣ ಮಾಡಲಿಲ್ಲ. ನೋಡಿದವರಿಗೆ ತಾವೇ ನಾಚಿಕೆಯಾಯಿತು. ಮರುದಿನದಿಂದ ತನ್ನ ಪಾಲಿಗೆ ಕಾಲೇಜಿನ ಗಾಳಿಯೇ ಬೇರೆಯಾಯಿತೆಂದು ಕಾರ್ವರ್ ನೆನೆಸಿಕೊಂಡಿದ್ದಾರೆ.

ಮಲಗುವ ಚಿಂತೆಯನ್ನು ಕಳೆದವರು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಲೂಯಿ ಪ್ಯಾಮೆಲ್. ಅವರು ತಮ್ಮ ಕಚೇರಿಯ ಕೋಣೆಯನ್ನೇ ಈ ವಿದ್ಯಾರ್ಥಿಗೆ ಬಿಟ್ಟುಕೊಟ್ಟರೆಂದು ಹೇಳುತ್ತಾರೆ. ಮಕ್ಕಳೇ, ಶಿಕ್ಷಕನಾದ ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸುವ ಸಂಗತಿ ಇದೇ. ದೊಡ್ಡ ಕಾಯಿದೆಯನ್ನು ಲಿಂಕನ್ ಮಾಡಬೇಕು. ಆದರೆ ಒಂದು ಕುರ್ಚಿ, ಒಂದು ಮೇಜು, ಒಂದು ಕೋಣೆಯನ್ನು ಬಿಟ್ಟುಕೊಡುವುದು ನನ್ನಂಥ ಸಾಮಾನ್ಯ ಮಾಸ್ತರನ ಕೈಯಲ್ಲೂ ಇದೆ.

ಏಮ್ಸಿನಲ್ಲಿ ಜಾರ್ಜ್ ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ, ರೇಖಾಗಣಿತ ಮೊದಲಾದ ವಿಷಯಗಳನ್ನು ಕಲಿತ. ಕಟ್ಟಡಗಳ ಕಸ ಗುಡಿಸಿ, ಹಸಿರುಮನೆಯಲ್ಲಿ ದುಡಿದು ಖರ್ಚು ತೂಗಿಸಿದ. ಕಾಲೇಜಿನ ಸೈನಿಕ ದಳದಲ್ಲಿ ಕ್ಯಾಪ್ಟನ್ ಪದವಿಗೆ ಏರಿದ. ಫುಟ್‌ಬಾಲ್ ಆಟಗಾರರ ಮೈಕೈ ತಿಕ್ಕಿ ಆರೈಕೆ ಮಾಡುವ ಕೆಲಸವೂ ಅವನದೇ. ಮೊದಲು ಹೀಯಾಳಿಸಿದ ಹುಡುಗರೇ ಈಗ ಅವನ ಗೆಳೆಯರಾದರು. ರಾಜ್ಯದ ಚಿತ್ರಪ್ರದರ್ಶನಕ್ಕೆ ಚಿತ್ರಗಳನ್ನು ಕಳಿಸುವ ಸಂದರ್ಭ ಬಂದಾಗ, ಹೋಗಲು ಹಣವಿಲ್ಲ, ತೊಡಲು ಒಳ್ಳೆಯ ಬಟ್ಟೆಯಿಲ್ಲ ಎಂದು ಜಾರ್ಜ್ ಸುಮ್ಮನಿದ್ದ. ಸಹಪಾಠಿಗಳು ಅವನನ್ನು ಎಳೆದುಕೊಂಡು ಹೋಗಿ ಹೊಸ ಸೂಟು ಕೊಡಿಸಿ, ರೈಲಿನ ತಿಕೀಟನ್ನೂ ಕೈಯಲ್ಲಿಟ್ಟು ಕಳಿಸಿದರು! ಅವನ ಕಳ್ಳಿಗಿಡದ ಚಿತ್ರ 1893ರಲ್ಲಿ ಶಿಕಾಗೋದ ಜಾಗತಿಕ ಪ್ರದರ್ಶನದಲ್ಲಿ ಪ್ರಶಂಸೆ ಪಡೆಯಿತು. ಅದೇ ವರ್ಷ ಅದೇ ಶಿಕಾಗೋ ನಗರದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದನ್ನು ನೀವು ಪಾಠದಲ್ಲಿ ಓದಿದ್ದೀರಿ.

1894ರಲ್ಲಿ ಕಾರ್ವರ್ ಪದವೀಧರರಾದರು. ಕಾಲೇಜು ಅವರನ್ನು ಬಿಟ್ಟುಕೊಡಲಿಲ್ಲ. ಅಲ್ಲಿಯೇ ಸಹಾಯಕ ಸಸ್ಯಶಾಸ್ತ್ರಜ್ಞರೆಂದು ನೇಮಿಸಿ ಹಸಿರುಮನೆಯ ಹೊಣೆ ಒಪ್ಪಿಸಿತು. ಊಟದ ಪಂಕ್ತಿಯಲ್ಲಿ ಜಾಗ ಸಿಗದಿದ್ದವರು ಮೂರೇ ವರ್ಷಗಳಲ್ಲಿ ಆ ಕಾಲೇಜಿನ ಮೊದಲನೆಯ ಕಪ್ಪು ಅಧ್ಯಾಪಕರಾದರು. ಬೆಳೆಗಳಿಗೆ ತಗಲುವ ಬೂಷ್ಟುರೋಗಗಳ ಮೇಲೆ ಪ್ಯಾಮೆಲ್ ಅವರ ಜೊತೆ ಸಂಶೋಧನೆ ಮಾಡುತ್ತ 1896ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಆ ದಿನಗಳಲ್ಲಿ ಕಾಲೇಜಿನವರೊಬ್ಬರ ಆರು ವರ್ಷದ ಮಗ ಅವರ ಬೆನ್ನುಹತ್ತಿ ಹೊಲ ಕಾಡುಗಳಲ್ಲಿ ಗಿಡಗಳ ಹೆಸರು ಕೇಳುತ್ತ ತಿರುಗುತ್ತಿದ್ದ. ಅವನೇ ಹೆನ್ರಿ ವ್ಯಾಲೇಸ್. ಮುಂದೆ ಗೋವಿನಜೋಳದ ಸಂಕರ ತಳಿಗಳ ಪ್ರವರ್ತಕನಾದ, ದೇಶದ ಕೃಷಿಮಂತ್ರಿಯಾದ, 1941ರಲ್ಲಿ ಅಮೆರಿಕೆಯ ಉಪಾಧ್ಯಕ್ಷನೂ ಆದ.

ಇಲ್ಲಿಗೇ ಕತೆ ಮುಗಿದಿದ್ದರೂ ಅದು ಒಳ್ಳೆಯ ಕತೆಯೇ. ಕೈಯಲ್ಲಿ ನೌಕರಿ, ಸುತ್ತಲೂ ಗೌರವ, ಪ್ರಯೋಗಶಾಲೆ, ಗುರುಗಳು, ಗೆಳೆಯರು. ಇನ್ನೇನು ಬೇಕು? ಅಷ್ಟರಲ್ಲಿ ದಕ್ಷಿಣದ ಅಲಬಾಮಾ ರಾಜ್ಯದಿಂದ ಒಂದು ಕಾಗದ ಬಂತು. ಬರೆದವರು ಬುಕರ್ ಟಿ. ವಾಶಿಂಗ್ಟನ್. ಅವರೂ ಗುಲಾಮರಾಗಿ ಹುಟ್ಟಿದವರು. 1881ರಿಂದ ಟಸ್ಕೀಗಿ ಎಂಬಲ್ಲಿ ಕಪ್ಪು ಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದವರು. ಅಲ್ಲಿಯ ಕೃಷಿ ವಿಭಾಗಕ್ಕೆ ಬರಬೇಕೆಂದು ಕೇಳಿದ್ದರು. ಪಗಾರ ವರ್ಷಕ್ಕೆ 1000 ಡಾಲರ್. ಕಾರ್ವರ್ ಅವರಿಗೆ ಮರಾಯಾ ವಾಟ್ಕಿನ್ಸಳ ಮಾತು ನೆನಪಾಗದೆ ಇದ್ದೀತೇ? ಕಲಿತದ್ದಾಯಿತು, ಇನ್ನು ಮರಳಿ ಕೊಡಬೇಕು. ಏಮ್ಸಿನವರು ಮನಸ್ಸಿಲ್ಲದ ಮನಸ್ಸಿನಿಂದ ಒಂದು ಸೂಕ್ಷ್ಮದರ್ಶಕವನ್ನು ಕಾಣಿಕೆಯಾಗಿ ಕೊಟ್ಟು ಬೀಳ್ಕೊಟ್ಟರು. 1896ರ ಅಕ್ಟೋಬರಿನಲ್ಲಿ ಅವರು ಟಸ್ಕೀಗಿ ತಲುಪಿದರು.

ಅಲ್ಲಿ ಪ್ರಯೋಗಶಾಲೆಯೇ ಇರಲಿಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ತಿಪ್ಪೆಗಳಲ್ಲಿ ಬಿದ್ದ ಬಾಟಲಿ, ಡಬ್ಬಿ, ಹಳೆಯ ಪಾತ್ರೆಗಳನ್ನು ಹೆಕ್ಕಿ ತಂದು ಉಪಕರಣ ಮಾಡಿಕೊಂಡರು. 1897ರಲ್ಲಿ ರಾಜ್ಯದ ಕಾಯಿದೆಯಿಂದ ಅಲ್ಲಿ ಒಂದು ಪ್ರಯೋಗಕ್ಷೇತ್ರ ಸ್ಥಾಪನೆಯಾಯಿತು. ಅದಕ್ಕೆ ದೊರೆತದ್ದು ವರ್ಷಕ್ಕೆ 1,500 ಡಾಲರ್ ಮಾತ್ರ. ಸುತ್ತಲಿನ ಕಪ್ಪು ರೈತರಲ್ಲಿ ಹೆಚ್ಚಿನವರು ಒಡೆಯರ ಹೊಲವನ್ನು ಪಾಲಿಗೆ ಮಾಡುವವರು. ವರ್ಷ ವರ್ಷವೂ ಅದೇ ಹತ್ತಿ. ಮನೆಯ ಹೊಸ್ತಿಲತನಕ ಹತ್ತಿ. ನೆಲದ ಸಾರವೆಲ್ಲ ಬತ್ತಿಹೋಗಿತ್ತು. ಗೊಬ್ಬರ ಕೊಳ್ಳಲು ಹಣವಿಲ್ಲ. ಕಾರ್ವರ್ ಅವರು ಕಾಡಿನ ತರಗೆಲೆ, ಜೌಗಿನ ಕೆಸರುಮಣ್ಣನ್ನೇ ಗೊಬ್ಬರ ಮಾಡಿ ತೋರಿಸಿದರು. ಹತ್ತಿಯ ಜೊತೆ ಅಲಸಂದಿ, ಶೇಂಗಾ, ಗೆಣಸುಗಳನ್ನು ಸರದಿಯಲ್ಲಿ ಬೆಳೆಯಿರಿ ಎಂದರು. ಅಲಸಂದಿ ಶೇಂಗಾಗಳಂಥ ದ್ವಿದಳಧಾನ್ಯಗಳ ಬೇರಿನ ಗಂಟುಗಳಲ್ಲಿ ಇರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೂ ನೆಲಕ್ಕೂ ಒದಗಿಸುತ್ತವೆ. ಮುಂದಿನ ಸಲ ಶೇಂಗಾ ಗಿಡ ಕಿತ್ತಾಗ ಬೇರನ್ನು ನೋಡಿರಿ, ಆ ಗಂಟುಗಳು ನಿಮಗೂ ಕಾಣುತ್ತವೆ.

ಓದು ಬಾರದ ರೈತ ಕಾಲೇಜಿಗೆ ಬರಲಾರ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಕಾಲೇಜೇ ರೈತನ ಬಳಿಗೆ ಹೋಗಬೇಕು! 1906ರಲ್ಲಿ ದಾನಿಯೊಬ್ಬರ ಹಣದಿಂದ ಒಂದು ಬಂಡಿ ಸಿದ್ಧವಾಯಿತು. ನೇಗಿಲು, ಬೀಜ, ಬೆಣ್ಣೆ ಕಡೆಯುವ ಸಾಧನ ಇತ್ಯಾದಿ ತುಂಬಿಕೊಂಡು ಆ ಬಂಡಿ ಹಳ್ಳಿಹಳ್ಳಿಗೆ ಹೋಗಿ ಹೊಲದಲ್ಲೇ ಪಾಠ ಹೇಳಿತು. ಜೊತೆಗೆ ಸರಳ ಭಾಷೆಯಲ್ಲಿ 44 ಕಿರುಹೊತ್ತಗೆಗಳು ಟಸ್ಕೀಗಿಯಿಂದ ಹೊರಬಂದವು. 1916ರ ಒಂದು ಹೊತ್ತಗೆಯಲ್ಲಿ ಶೇಂಗಾ ಬೆಳೆಯುವ ವಿಧಾನವೂ ಅದನ್ನು ತಿನ್ನಲು ಸಿದ್ಧಪಡಿಸುವ 105 ಬಗೆಗಳೂ ಇದ್ದವು. ಶೇಂಗಾ ಹಿಂಡಿಯಿಲ್ಲದೆ ರೊಟ್ಟಿ ಮುರಿಯದ ನಮ್ಮ ಸೊಲ್ಲಾಪುರ ಸೀಮೆಯವರು ಆ 105ರ ಪಟ್ಟಿಗೆ ಇನ್ನೂ ಕೆಲವನ್ನು ಸೇರಿಸಬಲ್ಲರೋ ಏನೋ!

ದೊಡ್ಡವರ ಬಗ್ಗೆ ಬರೆಯುವಾಗ ಸುಳ್ಳನ್ನು ಸೇರಿಸಬಾರದು. ಶೇಂಗಾ ಬೆಣ್ಣೆಯನ್ನು ಕಂಡುಹಿಡಿದವರು ಕಾರ್ವರ್ ಎಂದು ಹಲವು ಕಡೆ ಬರೆದಿರುತ್ತಾರೆ, ಅದು ನಿಜವಲ್ಲ. ಶೇಂಗಾದಿಂದ ಅವರು ಮಾಡಿದರೆನ್ನುವ 300 ವಸ್ತುಗಳಲ್ಲಿ ಬಹಳಷ್ಟು ಅಡಿಗೆಯ ಬಗೆಗಳು, ಬಣ್ಣಗಳು, ಸೌಂದರ್ಯಸಾಧನಗಳು. ಅಂಗಡಿಗೆ ಬಂದು ನಿಂತವು ಕೆಲವೇ. ಅವರು ಪಡೆದ ಪೇಟೆಂಟುಗಳು ಮೂರೇ ಮೂರು. ಕಚೇರಿಯ ಲೆಕ್ಕಪತ್ರ, ಆಡಳಿತದ ಕೆಲಸ ಅವರಿಗೆ ಒಗ್ಗುತ್ತಿರಲಿಲ್ಲ. ಅದಕ್ಕಾಗಿ ವಾಶಿಂಗ್ಟನ್ ಅವರ ಜೊತೆ ಎಷ್ಟೋ ಸಲ ಮನಸ್ತಾಪವೂ ಆಯಿತು. ಇದರಿಂದ ಅವರ ಹಿರಿಮೆ ಕಡಿಮೆಯಾಗುವುದಿಲ್ಲ. ಅವರ ನಿಜವಾದ ಕೆಲಸವಿರುವುದು ಬಡ ರೈತನ ನೆಲದಲ್ಲಿ ಮತ್ತು ಅವನ ಊಟದ ತಟ್ಟೆಯಲ್ಲಿ.

1921ರಲ್ಲಿ ಶೇಂಗಾ ಆಮದು ಸುಂಕದ ವಿಷಯವಾಗಿ ಅಮೆರಿಕೆಯ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಮಾತನಾಡಲು ಅವರನ್ನು ಕರೆದರು. ಕೊಟ್ಟ ಅವಧಿ ಹತ್ತು ನಿಮಿಷ. ಆರಂಭದಲ್ಲಿ ಕುಚೋದ್ಯ ಮಾಡಿದ ಸದಸ್ಯರೂ ಕೊನೆಗೆ ಬೆರಗಾಗಿ ಅವಧಿಯನ್ನು ಹೆಚ್ಚಿಸುತ್ತ ಹೋದರು. ಆ ದಿನದಿಂದ ಅವರ ಹೆಸರು ದೇಶದಲ್ಲೆಲ್ಲ ಹಬ್ಬಿತು. ಆದರೂ ದಕ್ಷಿಣದ ರೈಲುಗಳಲ್ಲಿ, ಹೋಟೆಲುಗಳಲ್ಲಿ ಅವರಿಗೆ ಕಪ್ಪು ಜನರ ಜಾಗವೇ ಗತಿಯಾಗಿತ್ತು. ಅವರು ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಉಳಿಸಿದ ಸುಮಾರು 60,000 ಡಾಲರುಗಳನ್ನು ಟಸ್ಕೀಗಿಯಲ್ಲಿ ಸಂಶೋಧನ ಸಂಸ್ಥೆಗಾಗಿ ಕೊಟ್ಟುಬಿಟ್ಟರು. 47ನೆಯ ವರ್ಷವೂ ಅಲ್ಲಿಯೇ ದುಡಿಯುತ್ತಿದ್ದು 1943ರ ಜನವರಿ 5ರಂದು ತೀರಿಕೊಂಡರು. ಅವರು ಹುಟ್ಟಿದ ಹೊಲಮನೆ ಅದೇ ವರ್ಷ ರಾಷ್ಟ್ರೀಯ ಸ್ಮಾರಕವಾಯಿತು. ಏಮ್ಸಿನ ಆ ಕಾಲೇಜು 1959ರಿಂದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯವೆಂದು ಹೆಸರಾಗಿದೆ. ಅಲ್ಲಿ ಈಗ ಕಾರ್ವರ್ ಹೆಸರಿನ ಕಟ್ಟಡವಿದೆ. 1994ರಲ್ಲಿ, ಅವರು ಪದವಿ ಪಡೆದ ನೂರು ವರ್ಷಗಳ ಬಳಿಕ, ಆ ವಿಶ್ವವಿದ್ಯಾಲಯ ಅವರಿಗೆ ಮರಣೋತ್ತರವಾಗಿ ಗೌರವ ಡಾಕ್ಟರೇಟ್ ಸಲ್ಲಿಸಿತು.

ಮಕ್ಕಳೇ, ಈ ಕತೆ ನಮ್ಮಿಂದ ಬಹಳ ದೂರದ್ದೆಂದು ತಿಳಿಯಬೇಡಿರಿ. ಸ್ವಾತಂತ್ರ್ಯದ ನಂತರ ನಮ್ಮ ದೇಶ ಕೃಷಿ ವಿಶ್ವವಿದ್ಯಾಲಯಗಳನ್ನು ಕಟ್ಟಿದಾಗ ಅಮೆರಿಕೆಯ ಇಂಥ ಸರಕಾರಿ ಕಾಲೇಜುಗಳನ್ನೇ ಮಾದರಿಯಾಗಿ ಇಟ್ಟುಕೊಂಡಿತು. 1960ರಲ್ಲಿ ಪಂತನಗರ, 1964ರಲ್ಲಿ ಬೆಂಗಳೂರು, 1968ರಲ್ಲಿ ನಮ್ಮ ರಾಹುರಿ, 1986ರಲ್ಲಿ ಧಾರವಾಡ ಹೀಗೆ ಅವು ತಲೆಯೆತ್ತಿದವು. ಸೊಲ್ಲಾಪುರದ ಒಣಬೇಸಾಯ ಸಂಶೋಧನ ಕೇಂದ್ರ ರಾಹುರಿಯ ವಿದ್ಯಾಪೀಠಕ್ಕೆ ಸೇರಿದ್ದೇ. ಸೊಲ್ಲಾಪುರದಲ್ಲಿ 2004ರಿಂದ ಒಂದು ವಿಶ್ವವಿದ್ಯಾಲಯವೂ ಇದೆ. ಇವೆಲ್ಲ ಯಾರ ಹಣದಿಂದ ನಡೆಯುತ್ತವೆ? ನಿಮ್ಮ ತಂದೆತಾಯಿಗಳು ಕೊಳ್ಳುವ ಬೆಂಕಿಪೆಟ್ಟಿಗೆಯ ಮೇಲಿನ ತೆರಿಗೆಯೂ ಅಲ್ಲಿಗೆ ಸೇರಿದೆ. ಅಂದ ಮೇಲೆ ಅಲ್ಲಿ ಅರ್ಜಿ ಹಾಕುವುದು ಭಿಕ್ಷೆ ಬೇಡಿದಂತಲ್ಲ, ನಮ್ಮ ಪಾಲನ್ನು ಕೇಳಿದಂತೆ.

ನಮ್ಮ ಕಷ್ಟವನ್ನು ಕಾರ್ವರ್ ಅವರ ಕಷ್ಟಕ್ಕೆ ಹೋಲಿಸುವುದು ಸರಿಯಲ್ಲ. ಅವರು ಹೊತ್ತ ಭಾರದ ಹತ್ತನೆಯ ಒಂದು ಪಾಲೂ ನಮ್ಮ ಮೇಲಿಲ್ಲ. ಆದರೆ ಅವರ ಬಾಳಿನಿಂದ ಎರಡು ಮಾತು ಕಲಿಯಬಹುದು. ಒಂದು ಬಾಗಿಲು ಮುಚ್ಚಿತೆಂದು ಅರ್ಜಿ ಬರೆಯುವ ಕೈಯನ್ನು ಮಡಚಿಡಬಾರದು. ಐದು ವರ್ಷ ಕಳೆದರೂ ಸರಿ, ಇನ್ನೊಮ್ಮೆ ಬರೆಯಬೇಕು. ಒಳಗೆ ಹೋಗಿ ಕೂತ ಮೇಲೆ, ಹೊರಗೆ ನಿಂತ ಇನ್ನೊಬ್ಬನಿಗೆ ನಮ್ಮ ಕೋಣೆಯಲ್ಲಿ ಜಾಗ ಮಾಡಿಕೊಡಬೇಕು.

ಈ ವರ್ಷ ಹತ್ತನೆಯ ಇಯತ್ತೆ ಮುಗಿಸಿ ಹೋಗುವ ನೀವೆಲ್ಲ ಫಲಿತಾಂಶ ಬಂದ ಮೇಲೆ ಒಮ್ಮೆ ಶಾಲೆಗೆ ಬನ್ನಿರಿ. ಅರ್ಜಿ ತುಂಬಲು ಕೂಡಿಯೇ ಕೂಡೋಣ. ಮರಾಠಿಯಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಹೆಸರಿನ ಜಾಗದಲ್ಲಿ ನಿಮ್ಮ ಪೂರ್ತಿ ಹೆಸರನ್ನು ಅಂಜದೆ ಬರೆಯಿರಿ.